ದೊಡ್ಡಕ್ಕನ ಆರು ತಿಂಗಳು

ದೊಡ್ಡಕ್ಕ ಬೀದಿಯ ತಿರುವಿನಲ್ಲೂ ಅಡ್ಡ ಹಾಯ್ದು ನಡೆದವರಲ್ಲ. ನೇರ ಮೂಲೆಯವರೆಗೆ ಹೋಗಿ, ಕ್ಷಣಕಾಲ ನಿಂತು, ಕಾಗದ ಮಡಿಸಿದಷ್ಟು ಚೊಕ್ಕವಾಗಿ ತಿರುಗಿ, ಮತ್ತೆ ಹೆಜ್ಜೆ ಹಾಕುವರು. ಭಾನುವಾರ ಸೇರಿ ಆಸ್ಪತ್ರೆಗೆ ಬಟ್ಟೆ ಹೊಲಿಯುತ್ತಿದ್ದ ನಮ್ಮ ಸೋದರಿ ಸಂಘದ ಸಭಾಂಗಣದಲ್ಲಿ ಹುಡುಗಿಯರೆಲ್ಲ ಹಾಗೆಯೇ ನಡೆಯಬೇಕೆಂಬ ವಿಧಿಯಿತ್ತು. ಮೂವತ್ತು ವರ್ಷ ಅದನ್ನು ಕಲಿಸಿದ ಆ ಕಾಲುಗಳಿಗೆ ಸಭಾಂಗಣವೂ ತರಕಾರಿ ಅಂಗಡಿಯ ಬೀದಿಯೂ ಒಂದೇ ಆಗಿಬಿಟ್ಟಿದ್ದವು. ಹಿಂದಿನಿಂದ ನಾವು ಅಣಕಿಸಿದರೆ, ತಿರುಗಿಯೂ ನೋಡದೆ, "ಎಡಗಾಲು ತಪ್ಪಿತು, ಮರಿ" ಎನ್ನುವರು.

ವಾರವೆಲ್ಲ ಆಸ್ಪತ್ರೆಯ ಬಟ್ಟೆ ಉಗ್ರಾಣದ ಮೇಲ್ವಿಚಾರಣೆ, ಭಾನುವಾರ ನಮ್ಮ ಮೇಲ್ವಿಚಾರಣೆ. ಮೊಣಕೈ ಸವೆದ ಬೂದು ಕೋಟಿನ ಮಡಿಕೆಗೆ ಸದಾ ನಾಲ್ಕು ಸೂಜಿ ಚುಚ್ಚಿಕೊಂಡೇ ಬರುವರು. ಮಕ್ಕಳ ವಾರ್ಡಿಗೆಂದು ನಾವು ಹೊಲಿದ ಅಂಗಿಯಲ್ಲಿ ಒಂದು ಎಳೆ ಓರೆಯಾದರೂ ಮುಗಿಯಿತು. "ಕಾಯಿಲೆ ಮಗು ಅಂತ ಸೊಟ್ಟ ಅಂಗಿ ಹಾಕೋದಾ? ಬಿಚ್ಚು."

ಸಂಘಕ್ಕೆ ಹೊಸಬಳನ್ನು ಸೇರಿಸಿಕೊಳ್ಳಲು ನಾವೆಲ್ಲ ಮುಚ್ಚಿದ ಪೆಟ್ಟಿಗೆಯೊಳಗೆ ಗುಟ್ಟಾಗಿ ಗೋಲಿ ಹಾಕಬೇಕಿತ್ತು: ಬಿಳಿಯದಾದರೆ ಒಪ್ಪಿಗೆ, ಕಪ್ಪಾದರೆ ನಿರಾಕರಣೆ. ಒಂದೇ ಕಪ್ಪು ಗೋಲಿ ಸಾಕು, ಬಾಗಿಲು ಮುಚ್ಚಿದಂತೆ. ಆರು ತಿಂಗಳ ಮೇಲೆ ಇನ್ನೊಂದೇ ಅವಕಾಶ. ಆ ವರ್ಷ ಸೇರಬಯಸಿದವಳು ನಮ್ಮಪ್ಪನ ಕಚೇರಿಯಲ್ಲಿ ಲಿಫ್ಟ್ ನಡೆಸುವವರ ಮಗಳು. ನಾನು ಎರಡು ತಿಂಗಳು ತಿಣುಕಿ ಬಾಯಿಪಾಠ ಮಾಡಿದ್ದ ಪ್ರತಿಜ್ಞಾವಿಧಿಯನ್ನು ಅವಳು ಎರಡೇ ಸಂಜೆಗಳಲ್ಲಿ ಕಲಿತು ಅಸ್ಖಲಿತವಾಗಿ ಒಪ್ಪಿಸಿಬಿಟ್ಟಳು. ಕಪ್ಪು ಗೋಲಿ ಹಾಕಿದವಳು ನಾನೇ. ಹೊಟ್ಟೆಕಿಚ್ಚು, ಬೇರೇನಿಲ್ಲ, ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಪೆಟ್ಟಿಗೆ ತೆರೆದ ದೊಡ್ಡಕ್ಕ ನಮ್ಮಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ಹೊರಗೆ ಕಾಯುತ್ತಿದ್ದ ಹುಡುಗಿಯ ಬಳಿಗೆ ತಾವೇ ಹೋಗಿ ಹೇಳಿದರು: "ಈ ಸಲ ಆಗ್ಲಿಲ್ಲ. ಒಳಗೆ ಬರೋಕೆ ಅಪ್ಪಣೆ ಬೇಕು, ಹೊಲಿಯೋಕೆ ಯಾರ ಅಪ್ಪಣೆನೂ ಬೇಡ. ಭಾನುವಾರ ಬಾ." ಅವಳು ಬಂದಳು. ಅಂದಿನಿಂದ ವರಾಂಡದಲ್ಲಿ ಎರಡು ಕುರ್ಚಿ: ಒಂದರಲ್ಲಿ ಅವಳು, ಇನ್ನೊಂದರಲ್ಲಿ ದೊಡ್ಡಕ್ಕ. ತೆರೆದ ಬಾಗಿಲಿನಿಂದಲೇ ಒಳಗಿನ ನಮಗೆಲ್ಲ ಆಜ್ಞೆ, ಗದರಿಕೆ. ಚಳಿಗಾಳಿಗೆ ಅವರಿಗೆ ಕೆಮ್ಮು ಹತ್ತಿತು. ಕುರ್ಚಿ ಮಾತ್ರ ಕದಲಲಿಲ್ಲ.

ಮೂರನೆಯ ತಿಂಗಳಲ್ಲಿ ನಮ್ಮಲ್ಲೇ ಒಬ್ಬಳಾದ ಸಂಘದ ಅಧ್ಯಕ್ಷೆಗೆ ತಡೆಯಲಾಗಲಿಲ್ಲ. "ಎಲ್ರೂ ಹೊರಗೆ ಹೋಗಿ ಕೂತ್ಕೊಳ್ಳೋಣ. ಒಳಗೇ ಉಳಿಯೋಳು ಯಾರು ಅಂತ ನೋಡೇಬಿಡೋಣ" ಎಂದು ಕುರ್ಚಿ ಎತ್ತಿದಳು. ನಾನು ಎದ್ದು ಹೋದರೆ ಸುಳ್ಳಿ, ಕೂತರೆ ಸಿಕ್ಕಿಬಿದ್ದವಳು.

ದೊಡ್ಡಕ್ಕ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು. "ಒಬ್ಳೂ ಹೊರಗೆ ಬರ್ಕೂಡ್ದು. ಇನ್ನೊಬ್ಳು ಬೇಕು ಅಂತ ನಾನು ಇಲ್ಲಿ ಕೂತಿರೋದು, ಇರೋಳನ್ನ ಕಳ್ಕೊಳ್ಳೋಕಲ್ಲ." ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಕೈಯಲ್ಲಿದ್ದ ಅಂಗಿಯಿಂದ ಮುಖ ಮುಚ್ಚಿಕೊಂಡು ಅತ್ತೆ.

ಆರು ತಿಂಗಳು ತುಂಬಿತು, ಪೆಟ್ಟಿಗೆ ಮತ್ತೆ ಬಂತು. ನಾನು ಬಿಳಿ ಗೋಲಿ ಹಾಕಿದೆ. ಎಲ್ಲವೂ ಬಿಳಿ. ಸಭೆ ಮುಗಿದ ಮೇಲೆ ಧೈರ್ಯ ಮಾಡಿ, "ಅಕ್ಕ, ಅವತ್ತು..." ಎಂದು ಬಾಯಿ ತೆರೆದೆ. "ನಿನ್ನ ಪಕ್ಕ ಜಾಗ ಇದೆಯಲ್ಲ, ಅವಳು ಅಲ್ಲೇ ಕೂತ್ಕೊಳ್ಲಿ" ಎಂದು ಅವರು ಕೋಟಿನ ಗುಂಡಿ ಹಾಕಿಕೊಂಡರು. ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಅವರು ತೀರಿಕೊಳ್ಳುವವರೆಗೂ ನನಗೆ ತಿಳಿಯಲಿಲ್ಲ.

ಲೋಕದಲ್ಲಿ ಹಟವಾದಿಗಳಿಗೆ ಬರವಿಲ್ಲ. ಎದುರಾಳಿ ಸೋತು ತಲೆತಗ್ಗಿಸಿದರೆ ಹೆಚ್ಚಿನವರ ಹಟ ತಣಿಯುತ್ತದೆ. ದೊಡ್ಡಕ್ಕನಂಥವರು ವಿರಳ: ತಪ್ಪು ಮಾಡಿದವಳು ಯಾರೂ ಅರಿಯದಂತೆ, ತಲೆ ತಗ್ಗಿಸದೆಯೇ, ತಾನಾಗಿ ಒಳ್ಳೆಯವಳಾಗುವಷ್ಟು ಕಾಲ ಅವರು ಚಳಿಯಲ್ಲಿ ಕೆಮ್ಮುತ್ತ ಕಾಯಬಲ್ಲರು.