ಬಿಲ್ಲೆಗೆ ಹಚ್ಚಿದ ವಿಭೂತಿ

ನನ್ನ ತಂಗಿ ತನುಜಾ ಉಪಗ್ರಹಗಳಿಗೆ ಬಳಿಯುವ ಬಿಳಿ ಬಣ್ಣವನ್ನು ತಯಾರಿಸಿ ಪರೀಕ್ಷಿಸುವವಳು. ಮೇಲೆ ಗಾಳಿಯಿಲ್ಲ, ನೆರಳಿಲ್ಲ. ಬಿಸಿಲನ್ನು ಹಿಂದಕ್ಕೆ ಅಟ್ಟುವ ಕೆಲಸ ಆ ಬಣ್ಣದ್ದೇ. ಅದು ಕಂದಿದರೆ ಒಳಗಿನ ಯಂತ್ರ ಕಾದು ಕೆಡುತ್ತದೆ. "ಸುಣ್ಣಾ ಹಚ್ಚಾಕ ಇಷ್ಟು ಓದಬೇಕಿತ್ತೇನ?" ಎಂದು ನಾನು ಕಾಡಿಸುತ್ತಿದ್ದೆ.

ಕಳೆದ ಶನಿವಾರ ಹಂಸಭಾವಿಗೆ ಬಂದಾಗ ಅವಳ ಕೈಯಲ್ಲೊಂದು ಡಬ್ಬಿಯಿತ್ತು. ಅದರಲ್ಲಿ, ಗಾಳಿ ತೆಗೆದ ಪೆಟ್ಟಿಗೆಯೊಳಗೆ ತಿಂಗಳುಗಟ್ಟಲೆ ಬಿಸಿಲಿನಂಥ ಉರಿದೀಪಕ್ಕೆ ಮೈಯೊಡ್ಡಿದ, ಅವಳ ಬಣ್ಣ ಬಳಿದ ಬಿಲ್ಲೆಗಳು. ಸೋಮವಾರ ಧಾರವಾಡದಲ್ಲಿ ಅವು ಎಷ್ಟು ಕಂದಿವೆಯೆಂದು ಅಳೆಯಬೇಕು. ಪಾಸಾದರೆ ಮುಂದಿನ ಉಪಗ್ರಹಕ್ಕೆ ಅವಳದೇ ಬಣ್ಣ, ಇಲ್ಲದಿದ್ದರೆ ಇನ್ನೊಬ್ಬರದು. ಡಬ್ಬಿಯನ್ನು ದೇವರ ಜಗಲಿಯ ಮೇಲಿಟ್ಟಳು. ನಮ್ಮ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗವಿಲ್ಲ.

ಮರುದಿನ ನಾವು ನಾಷ್ಟಾಕ್ಕೆ ಕೂತಾಗ ಅಜ್ಜಿ ನಾಗವ್ವ ಪೂಜೆ ಮುಗಿಸಿ ಬಂದಳು. ಟ್ರ್ಯಾಕ್ಟರಿರಲಿ, ಮಿಕ್ಸರಿರಲಿ, ಅವಳು ವಿಭೂತಿ ಹಚ್ಚದೆ ನಮ್ಮಲ್ಲಿ ಯಾವುದೂ ಬಳಕೆಗೆ ಬಂದಿಲ್ಲ.

"ಡಬ್ಬಿ ತಗದು ನಿನ್ನ ಬಿಲ್ಲೆಗೂ ಇಬತ್ತಿ ಹಚ್ಚಿ ಬಂದೀನವ್ವ. ಚೊಲೋ ಆಗ್ತೈತಿ."

ತನುಜಾ ಅರ್ಧಕ್ಕೇ ಎದ್ದು ಓಡಿದಳು. ನಾನೂ ಹೋಗಿ ನೋಡಿದೆ. ಬಿಳಿಯ ಮೇಲೆ ಬಿಳಿ, ನನ್ನ ಕಣ್ಣಿಗೆ ಏನೂ ಕಾಣಲಿಲ್ಲ.

"ಹಗೂರಕ ಒರಸಿಬಿಡು," ಎಂದು ಪಿಸುಗುಟ್ಟಿದೆ. "ಯಾರಿಗ ಗೊತ್ತಾಗ್ತೈತಿ?"

"ನನಗ ಗೊತ್ತೈತಲ್ಲಣ್ಣ. ಆಮ್ಯಾಲ ನಾ ಅಳೆಯೂದು ಬಣ್ಣಾನೋ, ಇಬತ್ತೀನೋ? ತಪ್ಪು ಲೆಕ್ಕ ನಂಬಿ ಮ್ಯಾಲ ಕಳಿಸಿದ್ರ, ಅಲ್ಲಿ ಹೋಗಿ ಇನ್ನೊಂದು ಕೈ ಬಳಿಯಾಕ ಆಗ್ತೈತೇನು?"

ಅಂಗಳಕ್ಕೆ ಹೋಗಿ ತನ್ನ ಆಫೀಸಿನ ಸಾಹೇಬರಿಗೆ ಫೋನು ಮಾಡಿದಳು. "ಸರ್, ಬಿಲ್ಲೆಗೆ ಬೂದಿ ತಾಗೇತ್ರಿ, ಅಳತಿಗೆ ಬರೂದಿಲ್ರಿ. ಡಬ್ಬಿ ಕಾಯದ ಇದ್ದಾಕಿ ನಾನ್ರಿ, ತಪ್ಪು ನಂದ." ಅಜ್ಜಿಯ ಹೆಸರೇ ಎತ್ತಲಿಲ್ಲ. ಆ ಕಡೆಯವರು ಬಹಳ ಹೊತ್ತು ಮಾತಾಡಿದರು; ಇವಳು ಬರೀ "ಹೂನ್ರಿ" ಎನ್ನುತ್ತಿದ್ದಳು. ಉಪಗ್ರಹ ಕಾಯುವುದಿಲ್ಲವಂತೆ. ಈ ಸಲ ಬೇರೆಯವರ ಬಣ್ಣ ಹೋಗುತ್ತದೆ. ಇವಳು ಮೊದಲಿನಿಂದ ಶುರು ಮಾಡಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಸಂಕಟವಾಯಿತು, ಹಾಗೆಯೇ ಇಂಥವಳು ನನ್ನ ತಂಗಿಯೆಂದು ಹೆಮ್ಮೆಯೂ ಆಯಿತು.

ಅಷ್ಟರಲ್ಲಿ ಅಜ್ಜಿ ಹೊಸ್ತಿಲಿಗೆ ಬಂದಳು. "ಏನಂದ್ರವ್ವ ಸಾಹೇಬ್ರು?"

ತನುಜಾ ಚೂಡಿದಾರದ ತೋಳಿನಿಂದಲೇ ಕಣ್ಣೊರೆಸಿಕೊಂಡಳು. "ಮತ್ತೊಮ್ಮೆ ಮಾಡು ಅಂದ್ರಬೇ."

"ನೋಡಿದ್ಯಾ! ನಂಬಿಕಿ ಇದ್ದದ್ದಕ್ಕ ಮತ್ತ ನಿನಗ ಹೇಳ್ಯಾರ. ನಾ ಹಚ್ಚಿದ್ದು ಸುಳ್ಳಾಗಲಿಲ್ಲ."

"ಹೂನಬೇ, ನಿನ್ನ ಕೈಗುಣ," ಎಂದು ತನುಜಾ ಅಜ್ಜಿಯನ್ನು ತಬ್ಬಿಕೊಂಡಳು.