ಹುಲಿಯಮ್ಮ ಕೂತೇ ಇದ್ದ ವಾರ

ಬ್ಯಾಕೋಡಿನ ಆಚೆ, ಹಿನ್ನೀರಿನ ದಡದಲ್ಲಿ ಹುಲಿಯಮ್ಮನ ಮನೆ. ಮಗುವಾಗಿದ್ದಾಗ ಪೋಲಿಯೋ ಬಂದು ಅವಳ ಎರಡೂ ಕಾಲುಗಳು ಸೋತುಹೋಗಿದ್ದವು. ನೆಲದ ಮೇಲೆ ಕೈಯೂರಿ ತೆವಳುತ್ತಿದ್ದ ಅವಳು ದೋಣಿ ಹತ್ತಿದರೆ ಬೇರೆಯೇ ಹೆಂಗಸು. ತಮ್ಮ ಬೆಳ್ಳಪ್ಪ ಬಲೆ ಬೀಸುತ್ತಿದ್ದ, ಹುಟ್ಟು ಹಾಕುವವಳು ಅವಳು.

ಶಿವಮೊಗ್ಗದಲ್ಲಿ ಸಂಶೋಧನೆ ಮಾಡುತ್ತಿದ್ದ ಸ್ವಪ್ನಾ ಆ ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳನ್ನು ಸುತ್ತುತ್ತಿದ್ದಳು. ಅಂಗವಿಕಲರ ಮೈಗೆ ದಿನಕ್ಕೆ ಎಷ್ಟು ದಣಿವಾಗುತ್ತದೆ, ಅದರಿಂದ ಅವರ ಆರೋಗ್ಯ ಹೇಗಿದೆ ಎಂದು ತಿಳಿಯುವುದು ಅವಳ ಕೆಲಸ. ಮೈ ಎಷ್ಟು ಅಲುಗಿತೆಂದು ಎಣಿಸುವ, ಬೆಂಕಿಪೊಟ್ಟಣದಷ್ಟು ಚಿಕ್ಕ ಮಷೀನೊಂದನ್ನು ಹುಲಿಯಮ್ಮನ ಸೊಂಟಕ್ಕೆ ಕಟ್ಟಿ ಹೋಗಿದ್ದವಳು ಮರುವಾರ ಬಂದು, ಜಗಲಿಯಲ್ಲಿ ಕೂತು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿದಳು. ಪರದೆ ನೋಡಿ ಅವಳ ಮುಖ ಸಪ್ಪಗಾಯಿತು.

"ಎಂತ ಹೇಳ್ತದೆ ಮಾರಾಯ್ತಿ ನಿನ್ನ ಮಷೀನು?"

"ನೀವು ವಾರವೆಲ್ಲ ಕೂತೇ ಇದ್ರಿ ಅಂತದೆ, ಹುಲಿಯಕ್ಕ."

ಬೆಳ್ಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾ ನಿನ್ನ ಸೋಮಾರಿ ಅಂದ್ರೆ ಹೊಡಿಯಕ್ಕೆ ಬರ್ತಿದ್ದೆ. ಈಗ ಮಷೀನೇ ಹೇಳ್ತು ನೋಡು!"

ಹುಲಿಯಮ್ಮನೂ ನಕ್ಕಳು. ಆಮೇಲೆ ಯಾಕೋ ನಗು ನಿಂತಿತು. "ಕೂತಿದ್ದು ಹೌದು. ಆದ್ರೆ ಸುಮ್ನೆ ಕೂತಿದ್ನಾ?" ಎಂದು ತನ್ನ ಕೈಗಳನ್ನೇ ನೋಡಿಕೊಂಡಳು.

ಸ್ವಪ್ನಾಳ ಕಣ್ಣು ಅವಳ ದಪ್ಪ ತೋಳುಗಳ ಮೇಲೆ ನಿಂತಿತು. ಸೊಂಟ ಅಲುಗಿದರೆ ಮಾತ್ರ ಎಣಿಸುವ ಮಷೀನಿಗೆ ಈ ತೋಳು ಕಾಣುವುದಾದರೂ ಹೇಗೆ? ಅಲ್ಲಿಂದಲೇ ತನ್ನ ಪ್ರೊಫೆಸರ್ ಜಯಪ್ಪನವರಿಗೆ ಫೋನ್ ಮಾಡಿದಳು.

"ಅದು ನಡೆಯೋರಿಗೆ ಮಾಡಿದ ಅಳತೆ ಕಣಮ್ಮ. ಅವರನ್ನ ಬಿಟ್ಟು ಮುಂದೆ ಹೋಗು," ಎಂದರು ಅವರು.

"ಬಿಟ್ರೆ ಇಂಥವರು ಯಾರೂ ಲೆಕ್ಕಕ್ಕೇ ಬರಲ್ಲ ಸರ್. ಮಣಿಕಟ್ಟಿಗೆ ಕಟ್ಟಿ ನೋಡೋಣ. ನೀವೂ ಒಂದ್ಸಲ ಬನ್ನಿ."

ಆ ಕಡೆ ಡೈರಿಯ ಹಾಳೆ ತಿರುವಿದ ಸದ್ದು ಕೇಳಿತು. "ಭಾನುವಾರ ಬರ್ತೀನಿ. ಮೀನಿನ ಊಟ ಇದೆಯೇನು ಕೇಳು."

ಭಾನುವಾರ ಹುಲಿಯಮ್ಮನಿಗೂ ಬೆಳ್ಳಪ್ಪನಿಗೂ ದೋಣಿ ಪಂದ್ಯ; ದಡದ ತುಂಬ ಜನ. ಅಕ್ಕ ತಮ್ಮ ಇಬ್ಬರ ಮಣಿಕಟ್ಟಿಗೂ ಸೊಂಟಕ್ಕೂ ಸ್ವಪ್ನಾ ಮಷೀನು ಕಟ್ಟಿದಳು. ನೀರಿನ ನಡುವೆ ನಿಂತ ಒಣಮರದ ಬೊಡ್ಡೆ ಸುತ್ತಿ ವಾಪಸ್ ಬರಬೇಕು. ಎರಡು ದೋಣಿ. ಜಯಪ್ಪನವರು ಹತ್ತಿರದಿಂದ ನೋಡುತ್ತೇನೆಂದು ಹಟ ಹಿಡಿದು ಹುಲಿಯಮ್ಮನ ದೋಣಿಯಲ್ಲೇ ಕೂತರು.

"ಮೇಷ್ಟ್ರೇ, ಅಲುಗಬ್ಯಾಡಿ, ಸಾಕು," ಎಂದಳು ಅವಳು.

ಹೋಗುವಾಗ ಬೆಳ್ಳಪ್ಪನೇ ಮುಂದಿದ್ದ. ಬೊಡ್ಡೆ ಸುತ್ತಿ ತಿರುಗಿದ್ದೇ ಎದುರುಗಾಳಿ ಬಡಿಯಿತು. ಅಲೆ ಎದ್ದು ಮೇಷ್ಟ್ರ ಅಂಗಿ ತೊಯ್ದುಹೋಯಿತು. ಹುಲಿಯಮ್ಮ ಬೆನ್ನು ಬಗ್ಗಿಸಿ, ಉಸಿರು ಕಟ್ಟಿ ಹುಟ್ಟು ಹಾಕಿದಳು. ದಡದಲ್ಲಿ ಕೂಗೋ ಕೂಗು. ಅವಳ ದೋಣಿಯ ಮೂತಿ ಮಣ್ಣಿಗೆ ತಾಗಿದಾಗ ಬೆಳ್ಳಪ್ಪ ಇನ್ನೂ ಹಿಂದಿದ್ದ.

"ನಂಗೆ ಗಾಳಿ ಎದುರಿತ್ತು!" ಎಂದು ಅಲ್ಲಿಂದಲೇ ಕೂಗಿದ.

"ಹೌದೌದು, ನಂಗೆ ಗಾಳಿ ನೆಂಟ!"

ಪರದೆಯ ಮೇಲೆ ಹುಲಿಯಮ್ಮನ ಸೊಂಟದ ಗೆರೆ ಮಲಗಿಯೇ ಇತ್ತು. ಮಣಿಕಟ್ಟಿನ ಗೆರೆ ಮಾತ್ರ ಕೊಡಚಾದ್ರಿಯ ಹಾಗೆ ಎದ್ದುನಿಂತಿತ್ತು. ಜಯಪ್ಪನವರು ನೀರು ತೊಟ್ಟಿಕ್ಕುವ ಅಂಗಿಯಲ್ಲೇ ಬಗ್ಗಿ ನೋಡಿ, ಜೋರಾಗಿ ನಕ್ಕು, "ಸ್ವಪ್ನಾ, ಕೈಯಲ್ಲಿ ಓಡಾಡೋರನ್ನೆಲ್ಲ ಮತ್ತೆ ಅಳೀಬೇಕು. ಶುರು ಮಾಡು," ಎಂದರು.

ಊಟಕ್ಕೆ ಕೂತಾಗ ಸ್ವಪ್ನಾ ಕೇಳಿದಳು, "ಹುಲಿಯಕ್ಕ, ನಿಮಗೆ ಓಡಾಡೋದು ಎಷ್ಟು ಕಷ್ಟ?"

"ಎಲ್ಲಿ? ಬಸ್ಸಿಗಾದ್ರೆ ಯಾರಾದ್ರೂ ಎತ್ತಿ ಹತ್ತಿಸ್ಬೇಕು. ನೀರಲ್ಲಿ ನಂಗೆಂತ ಕಷ್ಟ?"

ಮೀನಿನ ಮುಳ್ಳು ಬಿಡಿಸುತ್ತಿದ್ದ ಸ್ವಪ್ನಾ ಕೈ ನಿಲ್ಲಿಸಿದಳು. ಆ 'ಎಲ್ಲಿ' ಅನ್ನುವುದನ್ನು ಅವಳು ಇದುವರೆಗೆ ಯಾರನ್ನೂ ಕೇಳಿರಲಿಲ್ಲ. "ನಮ್ಮ ಜೊತೆ ಬರ್ತೀರಾ ಅಕ್ಕ, ಬೇರೆ ಊರುಗಳಿಗೆ? ಹೇಗೆ ಕೇಳ್ಬೇಕು ಅಂತ ನಿಮಗೇ ಗೊತ್ತು."

"ಜೀಪಲ್ಲಾ? ಮುಂದಿನ ಸೀಟು ಕೊಟ್ರೆ ಬರ್ತೀನಿ."

ಮುಂದಿನ ಸೀಟೇ ಸಿಕ್ಕಿತು. ಹಿನ್ನೀರಿನ ಸೇತುವೆಯ ಮೇಲೆ ಜೀಪು ಹೋಗುವಾಗ ಹುಲಿಯಮ್ಮ ತಾನು ದಿನಾ ಹುಟ್ಟು ಹಾಕುವ ನೀರನ್ನು ಮೇಲಿನಿಂದ ಕಂಡು, "ಅಯ್ಯ, ಇಷ್ಟು ಅಗಲನಾ!" ಎಂದು ಚಪ್ಪಾಳೆ ತಟ್ಟಿದಳು.

ಹುಂಚದಲ್ಲಿ ಬಂಗಾರಮ್ಮ ಎಂಬ ಮುದುಕಿಯ ಮನೆ. ಹಿಂದೆ ಬಂದಿದ್ದಾಗ ಸ್ವಪ್ನಾ "ಅಂಗವೈಕಲ್ಯ ಏನಾದರೂ ಇದೆಯಾ?" ಎಂದಿದ್ದಕ್ಕೆ ಆಕೆ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನಂಗೆಂತದೂ ಇಲ್ಲ," ಎಂದಿದ್ದಳು. ಹುಲಿಯಮ್ಮ ಜೀಪಿನಿಂದ ಇಳಿದು, ಕೈಯೂರಿಕೊಂಡು ಅಂಗಳ ದಾಟಿ, ಪಕ್ಕದಲ್ಲಿ ಕೂತಳು.

"ಅಮ್ಮ, ಜಡೆ ನೀವೇ ಹಾಕ್ಕಳ್ತೀರಾ?"

ಬಂಗಾರಮ್ಮ ಅವಳ ಕಾಲು ನೋಡಿದಳು, ಮುಖ ನೋಡಿದಳು. "ಎಲ್ಲಿಂದ ಹಾಕ್ಕಳದು! ಈ ಕೈ ಎತ್ತಕ್ಕೇ ಆಗದಿಲ್ಲ," ಎಂದು ಸೆರಗು ಸರಿಸಿದಳು. "ನೀನು ಇಷ್ಟು ದೂರ ಹ್ಯಾಂಗೆ ಬಂದ್ಯೇ?"

"ಅದೊಂದು ದೊಡ್ಡ ಕತೆ. ತಿರುಗಿ ಕೂತ್ಕಳಿ, ಜಡೆ ಹಾಕ್ತಾ ಹೇಳ್ತೀನಿ."

ಸ್ವಪ್ನಾ ಲ್ಯಾಪ್‌ಟಾಪು ಮುಚ್ಚಿಟ್ಟು ಬಾಚಣಿಗೆ ತರಲು ಒಳಗೆ ಹೋದಳು.