ಖಾಲಿಯಾಗಿ ಬೆಟ್ಟ ಹತ್ತಿದ ಪಾತ್ರೆ

ನಮ್ಮ ಬೆಟ್ಟದಲ್ಲಿ ಊಟದ ಸರತಿಗೆ ಮನುಷ್ಯರು ನಿಲ್ಲುವುದಿಲ್ಲ, ಪಾತ್ರೆಗಳು ನಿಲ್ಲುತ್ತವೆ. ಬೆಳಿಗ್ಗೆ ಲಿಮಾ ಪಟ್ಟಣಕ್ಕೆ ಇಳಿಯುವವರು, ಇಡೀ ಬೆಟ್ಟಕ್ಕೆ ಅಡುಗೆ ಮಾಡುವ ಇಲಾರಿಯಕ್ಕನ ಒಲೆಯ ಮುಂದೆ ಅವನ್ನು ಇಟ್ಟು, ಮುಚ್ಚಳದ ಮೇಲೆ ಕಲ್ಲು ಹೇರಿ ಹೋಗುತ್ತಾರೆ. ಮಧ್ಯಾಹ್ನ ಮೇಲೆ ಹತ್ತುವವರು ತಮ್ಮದರ ಜೊತೆ ಕೈಲಾಗದವರದನ್ನೂ ಒಯ್ಯುತ್ತಾರೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ.

ಶಿಕ್ಷಕರ ಕಾಲೇಜಿನ ನಾವು ಆರು ಜನ ಅಕ್ಕನಿಗೆ ಜೊತೆಯಾಗಿದ್ದೆವು. ಆಲೂಗಡ್ಡೆ, ಕೋಳಿಕಾಲುಗಳನ್ನು ಮಾರುಕಟ್ಟೆಯಲ್ಲಿ ಬೇಡಿ ತರುತ್ತಿದ್ದೆವು. ಅಕ್ಕಿ ಮಾತ್ರ ಸರ್ಕಾರಿ ಕಚೇರಿಯಿಂದ ಬರುತ್ತಿತ್ತು. ಒಂದು ದಿನ ಅದರ ಜೊತೆ ಷರತ್ತೂ ಬಂತು: ಉಣ್ಣುವವರ ಹೆಸರು, ಗುರುತಿನ ಚೀಟಿಯ ನಂಬರು ಬೇಕು, ಚೀಟಿ ಇಲ್ಲದವರಿಗೆ ಬಡಿಸಿದರೆ ಅಕ್ಕಿ ಬಂದ್. ಹಸಿವಿಗೂ ಚೀಟಿ ಕೇಳುವ ಆ ಕಚೇರಿಯನ್ನು ಬೈಯುತ್ತಲೇ ಪಟ್ಟಿ ಬರೆದವಳು ನಾನು.

ಅಕ್ಕ ಜ್ವರದಿಂದ ಮಲಗಿದ ವಾರ ಬಡಿಸುವ ಸೌಟು ನನ್ನ ಕೈಗೆ ಬಂತು. ಸಾಲಿನಲ್ಲಿ ಲೆಕ್ಕಕ್ಕೆ ಸಿಗದ ಒಂದು ನೀಲಿ ಪಾತ್ರೆ ಕಂಡಿತು.

"ಇದು ಯಾರ್ದು?"

"ಮೇಲಿಂದ ಬಂತು. ನಾನು ನೀರಿನ ಡ್ರಮ್ಮಿನ ಹತ್ರದಿಂದ ತಂದೆ ಅಷ್ಟೆ," ಅಂದಳು ನೆರೆಮನೆಯ ಮಾರ್ಲೇನಿ.

"ಹೆಸರು?"

"ಪಾತ್ರೆಗೆ ಹೆಸರಿಡ್ತಾರೇನೇ ಟೀಚರಮ್ಮ? ಪಾದ್ರೀನ ಕರಿ, ನಾಮಕರಣ ಮಾಡ್ಸೋಣ!"

ಎಲ್ಲರೂ ನಕ್ಕರು. ನನಗೆ ಉರಿಯಿತು. ಪಾತ್ರೆಯನ್ನು ಎತ್ತಿ ಗೋಡೆಯ ಬದಿಗಿಟ್ಟೆ. ಅದು ಖಾಲಿಯಾಗಿ ಮೇಲೆ ಹೋಯಿತು, ಮರುದಿನ ಮತ್ತೆ ಬಂತು, ಮತ್ತೆ ಎತ್ತಿಟ್ಟೆ. ನಾಲ್ಕು ದಿನ ಹೀಗೇ. ಐದನೆಯ ದಿನ ಬರಲಿಲ್ಲ. ನನಗೆ ಸಮಾಧಾನವಾಯಿತು. ಹೌದು, ಸಮಾಧಾನವೇ.

ಅಂದೇ ಅಕ್ಕ ಎದ್ದು ಬಂದಳು. "ತಿಯೋಫಿಲಜ್ಜಿ ನೀಲಿ ಪಾತ್ರೆ ಎಲ್ಲೇ?"

ಹೇಳಿದೆ. ಅವಳ ಸೌಟು ನಿಂತಿತು.

"ಅಯ್ಯೋ ಪಾಪಿ! ಆ ಮುದುಕಿಗೆ ಇಳಿಯೋಕೆ ಮಂಡೀಲಿ ಬಲ ಇಲ್ಲ. ಚೀಟಿ ಅವಳ ಹಳ್ಳೀಲಿ ನಡೆದ ಯುದ್ಧದಾಗೆ ಮನೆ ಜೊತೆ ಸುಟ್ಟೋಯ್ತು. ಸಾರು ತಗೊಂಡು ನಡಿ!"

ಮಂಜಿನಲ್ಲಿ ಹತ್ತುತ್ತಾ, ಜೊತೆಗೆ ಬಂದ ಮಾರ್ಲೇನಿಯನ್ನು ಕೇಳಿದೆ: ಖಾಲಿ ಪಾತ್ರೆ ಒಯ್ಯುವಾಗ ತಿಳಿಯಲಿಲ್ಲವೇ?

"ಹಗುರ ಇತ್ತು ಕಣೆ. ಗೊತ್ತಾಯ್ತು. ಓದಿದೋರು ನೀವು, ಏನೋ ಕಾರಣ ಇರುತ್ತೆ ಅನ್ಕೊಂಡೆ."

ಮುಂದಿನ ತಿರುವಿನಲ್ಲಿ ಆ ಪಾತ್ರೆ ದಾಟಿಸಿದ ಇನ್ನೊಬ್ಬರು, ಅದರ ಮೇಲೆ ಮತ್ತೊಬ್ಬರು. ಎಲ್ಲರದೂ ಅದೇ ಮಾತು, ಹಗುರ ಇತ್ತು. ಒಂದು ಬೆಟ್ಟಕ್ಕೆ ಬೆಟ್ಟವೇ ಹಸಿವನ್ನು ಕೈಯಿಂದ ಕೈಗೆ ದಾಟಿಸಿ ಒಬ್ಬಳ ಬಾಗಿಲಲ್ಲಿಟ್ಟು ಬಂದಿತ್ತು.

ಅಜ್ಜಿ ಹಲಗೆಯ ಮೇಲೆ ಕೂತಿದ್ದಳು, ಕೆನ್ನೆ ಒಳಕ್ಕೆ ಹೋಗಿತ್ತು.

"ಒಲೆ ಹೊತ್ತಿತಾ ಮಗಾ? ಬೆಟ್ಟಕ್ಕೇ ಅನ್ನ ಇಲ್ಲ ಅನ್ಕೊಂಡೆ. ಎಲ್ರೂ ಉಪಾಸ ಇದ್ದಾಗ ನಾನೊಬ್ಳೇ ಯಾಕೆ ಪಾತ್ರೆ ಕಳ್ಸಿ ನಾಚಿಸ್ಲಿ ಅಂತ ಇವತ್ತು ಕಳ್ಸಲಿಲ್ಲ."

ಹೌದು ಅನ್ನಬಹುದಿತ್ತು. ಅನ್ನಲಿಲ್ಲ.

"ಎಲ್ಲರೂ ಉಂಡ್ರು ಅಜ್ಜಿ. ನಿಮ್ದು ನಾನೇ ತೆಗೆದಿಟ್ಟೆ. ಪಟ್ಟೀಲಿ ಹೆಸರಿರಲಿಲ್ಲ."

ಅವಳು ಸಾರನ್ನು ಪಕ್ಕಕ್ಕೆ ಸರಿಸಿದಳು.

"ಹಂಗಾದ್ರೆ ಬರ್ಕೊ. ಸಾತುರ್ನಿನೊ. ಎಡಿಲ್ಬೆರ್ತಾ. ಮೆಲಾನಿಯೊ."

"ಯಾರಿವರು?"

"ನನ್ನ ಮಕ್ಳು. ಬಂದೂಕಿನೋರು ದಾರಿ ಮುಚ್ಚಿದ ವರ್ಷ ಹಸಿದೇ ಸತ್ತೋದ್ರು. ಆಗ್ಲೂ ಕಾಳು ಹಂಚೋಕೆ ಒಬ್ಬ ಪಟ್ಟಿ ಹಿಡ್ಕೊಂಡೇ ಬಂದಿದ್ದ, ನಮ್ಮ ಹೆಸರು ಅದ್ರಾಗೆ ಇರ್ಲಿಲ್ಲ."

ನಾನು ಮೂರೂ ಹೆಸರು ಬರೆದು, ಕೆಳಗೆ ಅವಳದನ್ನೂ ಬರೆಯುವವರೆಗೆ ಅವಳು ಚಮಚ ಮುಟ್ಟಲಿಲ್ಲ.

ಆ ಪಟ್ಟಿಯನ್ನೇ ಕಚೇರಿಗೆ ಕೊಟ್ಟೆವು. ಅಕ್ಕಿ ನಿಂತಿತು. ಈಗ ಮಾರುಕಟ್ಟೆಗೆ ಎರಡು ಸಲ ಬೇಡಲು ಹೋಗುತ್ತೇವೆ. ಬಡಿಸಲು ಬಗ್ಗಿದಾಗಲೆಲ್ಲ ಬೆನ್ನ ಹಿಂದೆ ಒಂದು ಮಗು "ನಂದು?" ಅನ್ನುತ್ತದೆ. ತಿರುಗಿದರೆ ಮಂಜು ಮಾತ್ರ. ಯಾರೆಂದು ನಾನು ಕೇಳುವುದಿಲ್ಲ. ನೀಲಿ ಪಾತ್ರೆಗೆ ಒಂದು ಸೌಟು ಹೆಚ್ಚಿಗೆ ಹಾಕುತ್ತೇನೆ.